ಆ ಹಗ್ಗ ಹೆಣ್ಣುಮಕ್ಕಳ ಕೈಗೂ ಬರಲಿ

ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಮತ್ತು ದಾವಣಗೆರೆ ಸೀಮೆಯ ಪ್ರೌಢಶಾಲೆಗಳಲ್ಲಿ 31 ವರ್ಷ ಪಾಠ ಹೇಳುತ್ತಲೇ ಸ್ಕೌಟ್ ಮಾಸ್ಟರ್ ಆಗಿಯೂ ದುಡಿದ ನಾನು ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಒಂದೇ ಮಾತು. ಸ್ಕೌಟ್ ದಳದಲ್ಲಿ ಗಂಟು ಹಾಕುವುದನ್ನು ಕಲಿಯಲು ಗಂಡುಹುಡುಗರ ಕೈಗೆ ನಾವು ಕೊಡುವ ಹಗ್ಗವನ್ನು ಹೆಣ್ಣುಮಕ್ಕಳ ಕೈಗೂ ಕೊಡಬೇಕು. ಹತ್ತನೆಯ ತರಗತಿ ಮುಗಿಯಿತೆಂದು ಅದನ್ನು ಯಾರ ಕೈಯಿಂದಲೂ ಹಿಂದಕ್ಕೆ ಪಡೆಯಬಾರದು. ರೊಟ್ಟಿ ತಟ್ಟುತ್ತಲೋ ಅಡಿಕೆ ಸುಲಿಯುತ್ತಲೋ ಈ ಮಾತು ಕೇಳುತ್ತಿರುವ ತಾಯಂದಿರೂ, ಶಾಲೆಗೆ ಹೊರಡುವ ಅವಸರದಲ್ಲಿರುವ ಮುಖ್ಯೋಪಾಧ್ಯಾಯರೂ ದಯವಿಟ್ಟು ಐದು ನಿಮಿಷ ಕಿವಿಗೊಡಬೇಕು.

ಹೆಣ್ಣುಮಕ್ಕಳು ಸ್ಕೌಟಿಂಗಿಗೆ ಬರುವುದು ಹೊಸ ಕಾಲದ ಹುಚ್ಚು ಎನ್ನುವವರಿದ್ದಾರೆ. ಸ್ಕೌಟ್ ಚಳವಳಿಯನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ ಅವರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದರು. ಅದಾಗಿ ಎರಡೇ ವರ್ಷಕ್ಕೆ, 1909ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಹುಡುಗರ ಮೇಳಕ್ಕೆ ಕೆಲವು ಹುಡುಗಿಯರು ಯಾರೂ ಕರೆಯದೆ ತಾವಾಗಿಯೇ ಬಂದು, ನಾವೂ ಸ್ಕೌಟುಗಳು ಎಂದು ನಿಂತರು. ಮರುವರ್ಷವೇ ಬೇಡನ್ ಪೊವೆಲ್ ತಮ್ಮ ತಂಗಿ ಆಗ್ನೆಸ್ ಅವರ ನೆರವಿನಿಂದ ಹುಡುಗಿಯರಿಗಾಗಿ ಗರ್ಲ್ ಗೈಡ್ಸ್ ಸಂಸ್ಥೆಯನ್ನು ಕಟ್ಟಬೇಕಾಯಿತು. ನಮ್ಮಲ್ಲಿ 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡು, 1951ರಲ್ಲಿ ಗೈಡ್ಸ್ ಸಂಸ್ಥೆಯೂ ಅದರೊಳಗೆ ಸೇರಿತು. ಅಂದರೆ ಹುಡುಗರಿಗೂ ಹುಡುಗಿಯರಿಗೂ ಒಂದೇ ಮನೆ ಕಟ್ಟಿಕೊಟ್ಟು 70 ವರ್ಷ ದಾಟಿದೆ. ಹೀಗಿದ್ದೂ ಎಷ್ಟೋ ಶಾಲೆಗಳಲ್ಲಿ ಸ್ಕೌಟ್ ದಳ ಮಾತ್ರ ಇರುತ್ತದೆ, ಗೈಡ್ ದಳ ಇರುವುದಿಲ್ಲ. ಕೇಳಿದರೆ, ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿದ್ದೇವೆ ಸಾರ್, ಶಿಬಿರಾಗ್ನಿಯಲ್ಲಿ ನೃತ್ಯ ಮಾಡಿಸುತ್ತೇವೆ ಎಂಬ ಉತ್ತರ ಬರುತ್ತದೆ. ನೃತ್ಯ ಒಳ್ಳೆಯದೇ. ಆದರೆ ನಾನು ಕೇಳುತ್ತಿರುವುದು ಹಗ್ಗದ ವಿಚಾರ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದಾಗ ಒಂದು ಶನಿವಾರ ಹುಡುಗರಿಗೆ ಬೋಲೈನ್ ಎಂಬ ಗಂಟು ಕಲಿಸುತ್ತಿದ್ದೆ. ಹಗ್ಗದಲ್ಲಿ ಸಣ್ಣ ಕುಣಿಕೆ ಮಾಡಿ, ತುದಿಯನ್ನು ಅದರೊಳಗಿಂದ ಮೇಲಕ್ಕೆ ತಂದು, ಉದ್ದ ಹಗ್ಗದ ಹಿಂದೆ ಸುತ್ತಿಸಿ, ಮತ್ತೆ ಅದೇ ಕುಣಿಕೆಯೊಳಗೆ ಇಳಿಸಬೇಕು. ಬಾವಿಗೆ ಬಿದ್ದವರನ್ನು ಮೇಲೆತ್ತಲು ಸೊಂಟಕ್ಕೆ ಹಾಕುವ ಗಂಟು ಅದು. ಎಷ್ಟು ಎಳೆದರೂ ಸೊಂಟದ ಸುತ್ತ ಬಿಗಿಯುವುದಿಲ್ಲ. ಅರ್ಧ ಗಂಟೆಯಾದರೂ ಹುಡುಗರ ಕೈಗೆ ಅದು ಹತ್ತಲಿಲ್ಲ. ಅಂಗಳಕ್ಕೆ ನೀರು ಚಿಮುಕಿಸಲು ನಾನೇ ನಿಲ್ಲಿಸಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೊಡ ಕೆಳಗಿಟ್ಟು ಹತ್ತಿರ ಬಂದು, "ಸಾರ್, ಇದು ನಾವು ಕರದ ಕುತ್ತಿಗೆಗೆ ಹಾಕೋ ಗಂಟು" ಎಂದಳು. ಹಗ್ಗ ಕೊಟ್ಟೆ. ಒದ್ದೆ ಕೈಯಲ್ಲೇ, ನಾನು ಹೇಳಿದ ಒಂದು ಮಾತೂ ಇಲ್ಲದೆ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಾಕಿಬಿಟ್ಟಳು. ಯಾರು ಕಲಿಸಿದರು ಎಂದೆ. "ನಮ್ಮಜ್ಜಿ. ಕರ ಜಗ್ಗಿದ್ರೆ ಉರುಲು ಬೀಳಬಾರ್ದು, ಬಿಚ್ಕೊಂಡೂ ಹೋಗಬಾರ್ದು ಅಂತ." ಬೋಲೈನಿನ ಗುಣವನ್ನು ಇದಕ್ಕಿಂತ ಸರಿಯಾಗಿ ಹೇಳಿದ ಪುಸ್ತಕವನ್ನು ನಾನು ಈವರೆಗೆ ಓದಿಲ್ಲ.

ಅಂದು ಸಂಜೆಯೇ ಅವಳ ಮನೆಗೆ ಹೋಗಿ, ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ನಡೆಯುವ ಶಿಬಿರಕ್ಕೆ ಕಳುಹಿಸಿ ಎಂದು ಕೇಳಿದೆ. ಆ ಅಜ್ಜಿ ಬೇಡ ಎನ್ನಲಿಲ್ಲ. ರಾತ್ರಿ ಮಕ್ಕಳ ಜೊತೆ ಮಲಗುವ ಹೆಂಗಸು ಯಾರು, ಬಚ್ಚಲಿಗೆ ಚಿಲಕ ಇದೆಯೇ ಎಂದು ಎರಡು ಪ್ರಶ್ನೆ ಕೇಳಿದರು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಶಾಲೆಯಲ್ಲಿ ಗೈಡ್ ಕ್ಯಾಪ್ಟನ್, ಅಂದರೆ ಗೈಡ್ ದಳವನ್ನು ನಡೆಸುವ ಶಿಕ್ಷಕಿಯೇ ಇರಲಿಲ್ಲ. ಆ ವರ್ಷ ಅವಳು ಶಿಬಿರಕ್ಕೆ ಬರಲಿಲ್ಲ, ಮತ್ತು ಅದು ಅಜ್ಜಿಯ ತಪ್ಪಾಗಿರಲಿಲ್ಲ. ನಮ್ಮ ಹಿಂದಿ ಶಿಕ್ಷಕಿಯವರನ್ನು ಒಪ್ಪಿಸಿ ತರಬೇತಿಗೆ ಕಳುಹಿಸಿ, ಮರುವರ್ಷ ಗೈಡ್ ದಳ ಆರಂಭಿಸಿದೆವು. ಅಜ್ಜಿ ತಾವೇ ಬಸ್ ನಿಲ್ದಾಣದವರೆಗೆ ಬಂದು, ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಗಂಟನ್ನು ಶಿಕ್ಷಕಿಯ ಕೈಗೇ ಕೊಟ್ಟರು. ಕೊಂಡಜ್ಜಿಯ ಗುಡ್ಡದ ಕೆಳಗೆ, ಕೆರೆಯ ಗಾಳಿಯಲ್ಲಿ ಕುಳಿತು, ಆ ಹುಡುಗಿ ನನ್ನ ಸ್ಕೌಟ್ ಹುಡುಗರಿಗೆ ಬೋಲೈನ್ ಕಲಿಸಿದಳು.

ಮುಂದೆ ಆದದ್ದನ್ನೂ ಹೇಳಬೇಕು. ಹತ್ತನೆಯ ತರಗತಿ ಮುಗಿಸಿ ಅವಳು ಕಾಲೇಜಿಗೆ ಸೇರಿದಳು. ಅಲ್ಲಿ ದೊಡ್ಡ ವಯಸ್ಸಿನ ಸ್ಕೌಟ್ ಹುಡುಗರ ರೋವರ್ ದಳವಿತ್ತು, ಅದೇ ವಯಸ್ಸಿನ ಹುಡುಗಿಯರ ರೇಂಜರ್ ದಳವಿರಲಿಲ್ಲ. ಅವಳ ಹಗ್ಗ ಅಲ್ಲಿಗೇ ನಿಂತಿತು. ನಿಯಮದಲ್ಲಿ 25 ವರ್ಷದವರೆಗೂ ಅವಕಾಶವಿರುವಾಗ 16ಕ್ಕೇ ನಿಲ್ಲಿಸಿಬಿಡುವುದು ನನಗೆ ಈಗಲೂ ಸಂಕಟದ ಸಂಗತಿ. ಬ್ರಿಟನ್ನಿನ ಸ್ಕೌಟ್ ಸಂಸ್ಥೆ 1976ರಲ್ಲಿ ಹುಡುಗಿಯರಿಗೆ ಮೊದಲು ಬಾಗಿಲು ತೆರೆದದ್ದು ದೊಡ್ಡ ವಯಸ್ಸಿನವರ ವಿಭಾಗದಲ್ಲಿಯೇ; ಚಿಕ್ಕವರ ವಿಭಾಗಗಳಿಗೆ ಆ ಅವಕಾಶ 1991ರಲ್ಲಿ ಬಂತು. ಅಮೆರಿಕದ ಸ್ಕೌಟ್ ದಳಗಳಿಗೆ ಹುಡುಗಿಯರು ಬಂದದ್ದು 2019ರಲ್ಲಿ. ದಳ ಒಂದೇ ಇರಲಿ, ಬೇರೆ ಬೇರೆ ಇರಲಿ, ನನಗೆ ಅದರ ಬಗ್ಗೆ ಹಟವಿಲ್ಲ. ಹಗ್ಗ ಮಾತ್ರ ಒಂದೇ ಇರಬೇಕು.

ಸಮಯ ಮುಗಿಯುತ್ತಾ ಬಂದಿದೆ. ಮುಖ್ಯೋಪಾಧ್ಯಾಯರೇ, ನಿಮ್ಮ ಶಾಲೆಯ ಒಬ್ಬ ಶಿಕ್ಷಕಿಯನ್ನು ಗೈಡ್ ಕ್ಯಾಪ್ಟನ್ ತರಬೇತಿಗೆ ಕಳುಹಿಸಿ. ಅವರ ತರಗತಿಗಳನ್ನು ಆ ವಾರ ಇತರರು ಹಂಚಿಕೊಳ್ಳಲಿ. ಪ್ರಾಂಶುಪಾಲರೇ, ರೋವರ್ ದಳದ ಪಕ್ಕದಲ್ಲಿ ರೇಂಜರ್ ದಳಕ್ಕೂ ಅರ್ಜಿ ಹಾಕಿ. ತಾಯಂದಿರೇ, ಶಾಲೆಯವರು ಶಿಬಿರದ ಚೀಟಿ ಕಳುಹಿಸಿದಾಗ ಆ ಅಜ್ಜಿ ಕೇಳಿದ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಿ, ಉತ್ತರ ಸರಿಯಿದ್ದರೆ ಸಹಿ ಮಾಡಿ. ಹಗ್ಗಕ್ಕೆ ದೊಡ್ಡ ಖರ್ಚಿಲ್ಲ. ಸಂತೆಯಲ್ಲಿ ಸಿಗುವ ಹತ್ತಿಯ ಹಗ್ಗ, ಒಂದು ಮಗುವಿಗೆ 3 ಮೀಟರ್ ಸಾಕು. ಎಳೆ ಬಿಚ್ಚಿಕೊಳ್ಳದಂತೆ ಎರಡೂ ತುದಿಗೆ ದಾರ ಸುತ್ತಿ ಕಟ್ಟಿಕೊಡಿ. ನಮಸ್ಕಾರ.