ಕಾಫಿ ಬೀಜಕ್ಕೆ ಎರಡು ಸುಂಕ

ಕೇಳುಗರಿಗೆ ನಮಸ್ಕಾರ.

ಸರಕು ಒಂದೇ ಆದರೆ ಸುಂಕವೂ ಒಂದೇ, ಅದು ಯಾವ ದೇಶದಿಂದಲೇ ಬರಲಿ. 1947ರಲ್ಲಿ ಜಿನೀವಾದಲ್ಲಿ 23 ದೇಶಗಳು ಸಹಿ ಹಾಕಿದ ಗ್ಯಾಟ್ ಎಂಬ ಸುಂಕ, ವ್ಯಾಪಾರದ ಒಪ್ಪಂದದ ಮೊದಲನೇ ವಿಧಿ ಹೇಳುವುದು ಇದನ್ನೇ. ಆ 23ರಲ್ಲಿ ಭಾರತವೂ ಒಂದು. ಒಬ್ಬರಿಗೆ ಸುಂಕ ಇಳಿಸಿದಿರೋ, ಉಳಿದ ಸದಸ್ಯರಿಗೂ ಇಳಿಸಲೇಬೇಕು.

ಇದನ್ನು ನೇರವಾಗಿ ಮುರಿಯುವವರು ಕಡಿಮೆ. ಸರಕನ್ನೇ ಎರಡು ಹೆಸರಿಗೆ ಒಡೆದುಬಿಡುತ್ತಾರೆ!

ಕೊಡಗು, ಚಿಕ್ಕಮಗಳೂರಿನವರು ಸ್ವಲ್ಪ ಕಿವಿಗೊಡಿ. ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಾಗೇ ಕಣದಲ್ಲಿ ಹರಡಿ ಒಣಗಿಸಿದರೆ ಚೆರಿ. 1979ರಲ್ಲಿ ಸ್ಪೇನ್ ಹುರಿಯದ ಕಾಫಿಯನ್ನು ಹೀಗೇ ವಿಂಗಡಿಸಿತು. ಕೊಲಂಬಿಯಾದ್ದೂ ಸೇರಿ ‘ಮೈಲ್ಡ್’ ಕಾಫಿಗೆ, ಅಂದರೆ ತೊಳೆದ ಅರೇಬಿಕಾಗೆ, ಸುಂಕವಿಲ್ಲ. ತೊಳೆಯದ ಅರೇಬಿಕಾಗೆ, ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾಗೆ ಶೇ. 7. ಪಟ್ಟಿಯಲ್ಲಿ ಬ್ರೆಜಿಲ್ ಹೆಸರೇ ಇಲ್ಲ. ಆದರೆ ಬ್ರೆಜಿಲ್ ಕಳಿಸುತ್ತಿದ್ದದ್ದು ಬಹುಪಾಲು ತೊಳೆಯದ ಅರೇಬಿಕಾ. ಪೆಟ್ಟು ಯಾರಿಗೆ ಬಿತ್ತು, ನೀವೇ ಹೇಳಿ.

ಬ್ರೆಜಿಲ್ ದೂರು ಕೊಟ್ಟಿತು. ರುಚಿ ಬೇರೆ, ಪರಿಮಳ ಬೇರೆ ಎಂದು ಸ್ಪೇನ್ ವಾದಿಸಿತು. ಬೇರೆ ಇರಬಹುದು ಮಾರಾಯ್ರೆ, ಯಾರು ಅಲ್ಲವೆಂದರು? ಮಣ್ಣು, ಬೇಸಾಯ, ಸಂಸ್ಕರಣೆಯಿಂದ ಬಂದ ರುಚಿಭೇದ ಬೇರೆ ಸುಂಕಕ್ಕೆ ಸಾಲದು ಎಂದಿತು ಗ್ಯಾಟ್ ತೀರ್ಪುಮಂಡಳಿ. ಮಾರುಕಟ್ಟೆಯಲ್ಲಿ ಈ ಬೀಜಗಳು ಹೆಚ್ಚಾಗಿ ಬೆರೆತೇ ಮಾರಾಟವಾಗುತ್ತವೆ. ಹುರಿಯದ ಕಾಫಿಗೆ ಹೀಗೆ ಬೇರೆ ಬೇರೆ ಸುಂಕ ಹಾಕಿದ ಸದಸ್ಯ ದೇಶ ಇನ್ನೊಂದಿರಲಿಲ್ಲ. 1981ರ ಜೂನ್‌ನಲ್ಲಿ ವರದಿ ಅಂಗೀಕಾರವಾಯಿತು, ಸ್ಪೇನ್ ಸೋತಿತು. ಸರಕು ಒಂದೇ, ಸುಂಕ ಒಂದೇ.

ಹುರಿಯದ, ಕೆಫೀನ್ ತೆಗೆಯದ ಕಾಫಿಗೆ ಇಂದು ಸುಂಕದ ಪಟ್ಟಿಯಲ್ಲಿ 0901 11 ಎಂಬ ಸಂಕೇತವಿದೆ. ಈ ಆರು ಅಂಕಿ ಜಗತ್ತಿಗೆಲ್ಲ ಸಮಾನ. ಮುಂದಿನ ಅಂಕಿಗಳು ಆಯಾ ದೇಶದ ಇಷ್ಟ. ನಮ್ಮ ಎಂಟಂಕಿಯ ಪಟ್ಟಿಯಲ್ಲೂ ಚೆರಿಗೆ, ಪಾರ್ಚ್‌ಮೆಂಟಿಗೆ ಬೇರೆ ಸಾಲುಗಳಿವೆ. ಸಾಲು ಎಷ್ಟಾದರೂ ಇರಲಿ, ದರ ಬೇರೆಯಾದಾಗಲೇ ತಕರಾರು.

ಕಾಫಿಯಲ್ಲೇ ಹೊತ್ತು ಹೋಯಿತು, ಉಳಿದದ್ದು ಚುಟುಕಾಗಿ. ವಿನಾಯಿತಿಗಳಿವೆ: ಮುಕ್ತ ವ್ಯಾಪಾರ ಒಪ್ಪಂದ, ಹಿಂದುಳಿದ ದೇಶಗಳಿಗೆ ರಿಯಾಯಿತಿ. 2019ರ ಫೆಬ್ರುವರಿಯಲ್ಲಿ, ಪುಲ್ವಾಮಾ ದಾಳಿಯ ನಂತರ, ಭಾರತ ಪಾಕಿಸ್ತಾನದ ‘ಪರಮಾಪ್ತ’ ಸ್ಥಾನವನ್ನು, ಅಂದರೆ ಉಳಿದ ಸದಸ್ಯರಂತೆಯೇ ಸುಂಕ ಪಡೆಯುವ ಈ ಹಕ್ಕನ್ನು, ಹಿಂತೆಗೆದು ಶೇ. 200 ಸುಂಕ ಹಾಕಿತು.

ರಫ್ತು ಮಾಡುವವರಿಗೆ ಒಂದು ಮಾತು. ಮುಕ್ತ ವ್ಯಾಪಾರ ಒಪ್ಪಂದದ ರಿಯಾಯಿತಿ ದರ ತಾನಾಗಿ ಸಿಗುವುದಿಲ್ಲ. ಮಾಲು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರವನ್ನು ಆ ಒಪ್ಪಂದದ ನಮೂನೆಯಲ್ಲೇ ಮಾಡಿಸಿ, ಖರೀದಿದಾರರಿಗೆ ಕಳಿಸಿ. ಅದಿಲ್ಲದಿದ್ದರೆ ಅಲ್ಲಿನ ಕಸ್ಟಮ್ಸ್‌ನವರು ಎಲ್ಲರಿಗೂ ಹಾಕುವ ದರವನ್ನೇ ನಿಮಗೂ ಹಾಕುತ್ತಾರೆ. ನಮಸ್ಕಾರ.