ಫೋರಂ ಬಂದ ವರ್ಷ, ಪ್ಯಾಂಟಿನ ಲೆಕ್ಕದಲ್ಲಿ

ಎಲ್ಲರಿಗೂ ನಮಸ್ಕಾರ.

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ತಾವರೆಕೆರೆ ಮುಖ್ಯರಸ್ತೆಯಲ್ಲಿ ಇಪ್ಪತ್ತೇಳು ವರ್ಷ ಟೈಲರ್ ಅಂಗಡಿ ಇಟ್ಟಿದ್ದವನು ನಾನು. ಇಲ್ಲಿನ ಹುಡುಗರು ಬಂದು "ಅಂಕಲ್, ಫೋರಂ ಮಾಲ್ ಶುರುವಾದಾಗ ಹೇಗಿತ್ತು, ಸ್ವಲ್ಪ ಮಾತಾಡಿ" ಅಂದರು. ಅದಕ್ಕೆ ಟೈಲರ್ ಯಾಕಪ್ಪಾ ಅಂತ ಕೇಳಿದೆ. ಆಮೇಲೆ ಮನೆಗೆ ಹೋಗಿ ಯೋಚನೆ ಮಾಡಿದರೆ, ಆ ಮಾಲ್‌ನ ಮೊದಲ ವರ್ಷಗಳು ನನಗೆ ಗೊತ್ತಾದದ್ದೇ ನನ್ನ ಮೇಜಿನ ಮೇಲೆ ಬಂದು ಬಿದ್ದ ಪ್ಯಾಂಟುಗಳಿಂದ. ಹಾಗಾಗಿ ಅದನ್ನೇ ಹೇಳುತ್ತೇನೆ.

ಮಾಲ್ ಬರುವ ಮೊದಲು ಈ ಕಡೆ ಗುರುತು ಹೇಳೋಕೆ ನಮಗೆ ಮೂರೇ ಇದ್ದವು. ಆಡುಗೋಡಿಯ ಮೈಕೋ ಫ್ಯಾಕ್ಟರಿ, ಡೈರಿ ಸರ್ಕಲ್, 1969ರಲ್ಲಿ ಶುರುವಾದ ಕ್ರೈಸ್ಟ್ ಕಾಲೇಜು. ಮೈಕೋ ಈಗ ಬಾಷ್ ಆಗಿದೆ, ಆದರೆ ನಮ್ಮ ಬಾಯಲ್ಲಿ ಇನ್ನೂ ಮೈಕೋನೇ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಅಲ್ಲಿನವರು. ಬೋನಸ್ ಬಂದ ತಿಂಗಳು ಚಿಕ್ಕಪೇಟೆಯಿಂದ ಬಟ್ಟೆ ತಂದು ಕೊಡುತ್ತಿದ್ದರು. ಒಂದು ಪ್ಯಾಂಟಿಗೆ 1.20 ಮೀಟರ್ ಪೀಸು. ಅಳತೆ ಪುಸ್ತಕದಲ್ಲಿ ಬರೆದು, ಅದೇ ಹಾಳೆಗೆ ಬಟ್ಟೆಯ ಚೂರನ್ನು ಪಿನ್ ಮಾಡುತ್ತಿದ್ದೆ. ಮುಂದಿನ ವರ್ಷ ಸೊಂಟದ ಅಳತೆ ಒಂದೂವರೆ ಇಂಚು ಜಾಸ್ತಿ ಆದರೆ ನಾನೇನೂ ಹೇಳುತ್ತಿರಲಿಲ್ಲ. ಸುಮ್ನೆ ಬರೆದುಕೊಳ್ಳುತ್ತಿದ್ದೆ. ಟೈಲರಿಗೆ ಗೊತ್ತಿರುವ ಗುಟ್ಟು ಡಾಕ್ಟರಿಗೂ ಗೊತ್ತಿರುವುದಿಲ್ಲ.

2004ರಲ್ಲಿ ಕೋರಮಂಗಲದಲ್ಲಿ, ಹೊಸೂರು ರಸ್ತೆಯ ಮೇಲೆ, ಫೋರಂ ಬಂತು. ಪ್ರೆಸ್ಟೀಜ್ ಗ್ರೂಪ್‌ನವರು ಕಟ್ಟಿದ್ದು. ಒಂದೇ ಸೂರಿನಡಿ ಅಂಗಡಿ, ಊಟ, ಸಿನಿಮಾ ಎಲ್ಲ ಇರುವ ಅಂಥ ದೊಡ್ಡ ಜಾಗ ನಮ್ಮ ಬೆಂಗಳೂರಿಗೆ ಹೊಸದು. ಹೆಸರೂ ಹೊಸದೇ. ನನ್ನಂಥವನಿಗೆ ಮಾಲು ಅಂದರೆ ಚಿಕ್ಕಪೇಟೆಯಿಂದ ತರುವ ಸರಕು. ಪಕ್ಕದ ಕಿರಾಣಿ ಅಂಗಡಿಯವನು "ಏನ್ರೀ, ಮಾಲ್ ಬಂತಂತೆ" ಅಂದಾಗ, "ಇಲ್ಲಪ್ಪ, ಲೈನಿಂಗ್ ಬಟ್ಟೆ ಇನ್ನೂ ಬಂದಿಲ್ಲ" ಅಂದಿದ್ದೆ. ಅವನು ಅದನ್ನು ಬೀದಿಗೆಲ್ಲ ಹೇಳಿ ನಗಿಸಿದ.

ಭಯ ಇತ್ತು, ಸುಳ್ಳು ಯಾಕೆ ಹೇಳಲಿ. ರೆಡಿಮೇಡ್ ಬಟ್ಟೆ ಮೊದಲೇ ನಮ್ಮ ಹೊಟ್ಟೆಗೆ ಕೈ ಹಾಕಿತ್ತು. ಈಗ ನಡೆದು ಹೋಗುವ ದೂರದಲ್ಲಿ ಎಸಿ ಹಾಕಿಕೊಂಡು ಬಂದು ಕೂತಿದೆ. ಅಂಗಡಿ ಮುಚ್ಚಬೇಕಾಗುತ್ತೆ ಅಂತ ಹೆಂಡತಿ ಹತ್ತಿರ ಹೇಳಿದೆ. "ಮೊದಲು ಹೋಗಿ ನೋಡ್ಕೊಂಡು ಬನ್ನಿ, ಆಮೇಲೆ ಮುಚ್ಚಿ" ಅಂದಳು.

ಹೋದೆವು. ಅದೇನು ಜನ ಅಂತೀರಿ! ಭಾನುವಾರ ಸಂಜೆ ಹೊಸೂರು ರಸ್ತೆ ದಾಟೋಕೆ ಆಗುತ್ತಿರಲಿಲ್ಲ. ಊರಿಂದ ನೆಂಟರು ಬಂದರೆ ವಿಧಾನಸೌಧ, ಲಾಲ್‌ಬಾಗ್, ಫೋರಂ ಅಂತ ಸಾಲಾಗಿ ತೋರಿಸುವುದು ಶುರುವಾಯಿತು. ಆಗಸ್ಟ್ 15ರ ಹೊತ್ತಿಗೆ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನೋಡಿದವರು ಹಾಗೇ ಇಲ್ಲಿಗೂ ಬರುತ್ತಿದ್ದರು. ಅಲ್ಲಿ ಹೂವು ಕೀಳಬಾರದು, ಇಲ್ಲಿ ಬೆಲೆ ಕೇಳಬಾರದು. ಎರಡೂ ಕಡೆ ಕೈ ಹಿಂದೆ ಕಟ್ಟಿಕೊಂಡೇ ಓಡಾಟ.

ಕನಕಪುರದ ಕಡೆಯಿಂದ ನಮ್ಮತ್ತೆಯೂ ಬಂದಿದ್ದರು. ಎಸ್ಕಲೇಟರ್ ನೋಡಿ ನಿಂತುಬಿಟ್ಟರು. "ನಡೆಯೋಕೆ ಮೆಟ್ಟಿಲು ಮಾಡಿ, ಆ ಮೆಟ್ಟಿಲೇ ನಡೆದರೆ ನಾನೇನು ಮಾಡಲಿ?" ಅಂದರು. ಆದರೂ ಸೀರೆಯ ನೆರಿಗೆ ಎತ್ತಿಕೊಂಡು, ಮಗಳ ಭುಜ ಹಿಡಿದು ಹತ್ತಿಬಿಟ್ಟರು. ತಮಾಷೆ ಆದದ್ದು ಇಳಿಯುವಾಗ. ಹತ್ತುವಾಗ ಕಣ್ಣೆದುರಿಗೆ ಮೆಟ್ಟಿಲು ಇರುತ್ತೆ. ಇಳಿಯುವಾಗ ಕಾಲ ಕೆಳಗಿನ ನೆಲವೇ ಜಾರಿ ಹೋದ ಹಾಗೆ ಕಾಣುತ್ತೆ. ಮೇಲೆ ಅವರಂಥ ಐದಾರು ಹೆಂಗಸರು ಮೊದಲೇ ನಿಂತಿದ್ದರು. ಯಾರ ಗುರುತು ಯಾರಿಗೂ ಇಲ್ಲ. ಒಬ್ಬರು ಮಂಡ್ಯದವರು, ಇನ್ನೊಬ್ಬರು ಹೊಸೂರಿನವರು. ಅರ್ಧ ಗಂಟೆ ಮಾತಾಡಿ, ಲಿಫ್ಟ್ ಎಲ್ಲಿದೆ ಅಂತ ಹುಡುಕಿ, ಎಲ್ಲರೂ ಒಟ್ಟಿಗೆ ಇಳಿದರು. ನಾವು ಕೆಳಗೆ ಕಾದೂ ಕಾದೂ ಸುಸ್ತು.

ಈಗ ಪ್ಯಾಂಟಿನ ಲೆಕ್ಕಕ್ಕೆ ಬರುತ್ತೇನೆ.

ಅಷ್ಟು ಜನ ಹೋಗುತ್ತಿದ್ದಾರೆ, ಅಂದರೆ ಅಷ್ಟು ಬಟ್ಟೆ ಮಾರಾಟ ಆಗುತ್ತಿದೆ ಅಂದುಕೊಂಡಿದ್ದೆ. ಹಾಗಿದ್ದರೆ ಉದ್ದ ಕಡಿಮೆ ಮಾಡಿಸೋಕೆ ಯಾರಾದರೂ ನನ್ನ ಹತ್ತಿರ ಬರಬೇಕಲ್ವಾ? ಕಂಪನಿ ಪ್ಯಾಂಟುಗಳ ಕಾಲು ಬೇಕಂತಲೇ ಉದ್ದ ಇಟ್ಟಿರುತ್ತಾರೆ. ಎತ್ತರದವನೂ ಕೊಳ್ಳಬೇಕು, ಗಿಡ್ಡವನೂ ಕೊಳ್ಳಬೇಕು ಅಂತ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಇದ್ದರೆ ಬೆಳೆಸೋಕೆ ಆಗಲ್ಲ. ಆದರೆ ಮೊದಲ ಕೆಲವು ತಿಂಗಳು ವಾರಕ್ಕೆ ಎರಡೋ ಮೂರೋ ಪ್ಯಾಂಟು ಬಂದರೆ ಹೆಚ್ಚು. ಆಗ ನನಗೆ ಅರ್ಥವಾಯಿತು. ಒಳಗಿರುವ ಸಾವಿರಾರು ಜನ ಕೊಳ್ಳೋಕೆ ಹೋದವರಲ್ಲ. ಜಾತ್ರೆಗೆ ಹೋದವರು. ಜಾತ್ರೆಯಲ್ಲಾದರೂ ಬತ್ತಾಸು ಕೊಳ್ಳುತ್ತಾರೆ. ಇಲ್ಲಿ ಒಂದು ಕೋನ್ ಐಸ್‌ಕ್ರೀಮ್ ತಗೊಂಡು ಇಡೀ ಸಂಜೆ ಕಳೆದು ಮನೆಗೆ ಬರುತ್ತಿದ್ದರು. ಮಾಲ್‌ನ ಆರಂಭದ ದಿನಗಳು ಅಂದರೆ ನನ್ನ ಪ್ರಕಾರ ಅವರದ್ದೇ, ಏನೂ ಕೊಳ್ಳದವರದ್ದು. ಅಂಗಡಿಗಳಿಗೆ ಅವರಿಂದ ಲಾಭ ಆಯಿತೋ ಇಲ್ಲವೋ. ಇದು ಊರಿನ ಜಾಗ ಅಂತ ಅನಿಸಿದ್ದು ಅವರಿಂದಲೇ.

ಆಮೇಲೆ ಸೇಲ್ ಬಂತು. ಮಾಲ್‌ನಲ್ಲಿ ಸೀಸನ್ ಮುಗಿಯುವ ಸೇಲ್ ಇಡುವುದು ಜುಲೈ ಸುಮಾರಿಗೆ. ನಮಗೆ ಅದು ಆಷಾಢ. ಆಷಾಢದಲ್ಲಿ ಮದುವೆ ಇಲ್ಲ, ಹೊಸ ಬಟ್ಟೆ ಇಲ್ಲ, ಟೈಲರುಗಳು ನೊಣ ಹೊಡೆಯುವ ತಿಂಗಳು. ಆ ತಿಂಗಳಲ್ಲೇ ನನ್ನ ಮೇಜಿನ ಮೇಲೆ ಪ್ಯಾಂಟು ಗುಡ್ಡೆ ಬೀಳತೊಡಗಿತು. ಸಾಫ್ಟ್‌ವೇರ್ ಹುಡುಗರು, ಕಾಲ್ ಸೆಂಟರ್ ಹುಡುಗಿಯರು, ಕಾಲೇಜಿನ ಮಕ್ಕಳು. ಜೀನ್ಸ್‌ನ ಬಾಟಮ್ ಮಡಿಸಬೇಕು, ಆದರೆ ಕಂಪನಿಯ ಅಂಚು ಹಾಗೇ ಉಳಿಯಬೇಕು. ಅದಕ್ಕೆ 18ನೇ ನಂಬರ್ ಸೂಜಿ ತಂದೆ, ಕಿತ್ತಳೆ ಬಣ್ಣದ ದಪ್ಪ ದಾರ ತಂದೆ, ಕೆಲಸ ಕಲಿತೆ. ನಲವತ್ತು ದಾಟಿದ ಮೇಲೆ ಹೊಸದಾಗಿ ಕೆಲಸ ಕಲಿಸಿದ್ದು ಆ ಮಾಲ್. ಹೊಸ ಪ್ಯಾಂಟು ಹೊಲಿಸುವವರು ಮಾತ್ರ ಕಡಿಮೆ ಆಗುತ್ತಲೇ ಹೋದರು. ಅಳತೆ ಪುಸ್ತಕದಲ್ಲಿ ಈಗ ಸೊಂಟ, ಸೀಟು, ತೊಡೆ ಯಾವುದೂ ಇಲ್ಲ. ಬರೀ ಉದ್ದ. ಮನುಷ್ಯನ ಬಗ್ಗೆ ಗೊತ್ತಾಗುವುದೂ ಅಷ್ಟೇ ಆಯಿತು.

ನಮ್ಮ ಬೀದಿಯ ಒಬ್ಬ ಹೆಂಗಸು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಒಂದು ಸಂಜೆ ಬ್ಲೌಸ್ ತಗೊಳ್ಳೋಕೆ ಬಂದವರು ಮೇಜಿನ ಮೇಲಿದ್ದ ಮಾಲ್ ಪ್ಯಾಂಟನ್ನು ಕೈಗೆತ್ತಿಕೊಂಡು ಒಳಗು ಹೊರಗು ಮಾಡಿದರು. ಅಂಚಿನ ಓವರ್‌ಲಾಕ್ ಹೊಲಿಗೆ ನೋಡಿದರು. ಜೇಬಿನ ಮೂಲೆಯ ಹೊಲಿಗೆಯನ್ನು ಉಗುರಿನಿಂದ ಮುಟ್ಟಿ ನೋಡಿದರು. "ಅಣ್ಣಾ, ಇದು ನಮ್ಮ ಲೈನಲ್ಲಿ ಹೊಲಿಯೋ ಥರಾನೇ ಇದೆ. ನಾನು ಕೂತಿರೋದು ಇದೇ ಜೇಬಿಗೆ" ಅಂದರು. ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಅದನ್ನು ಓದಿ, ಪ್ಯಾಂಟನ್ನು ಮೊದಲಿಗಿಂತ ಚೆನ್ನಾಗಿ ಮಡಿಸಿ ಇಟ್ಟು ಹೋದರು. ಬೊಮ್ಮನಹಳ್ಳಿಯೂ ಹೊಸೂರು ರಸ್ತೆಯಲ್ಲೇ ಇದೆ. ಬಸ್ಸಿನಲ್ಲಿ ಎಷ್ಟು ದೂರ ಅಂತ ನಿಮಗೇ ಗೊತ್ತು.

ಸಿನಿಮಾ ಬಗ್ಗೆ ಹೇಳದಿದ್ದರೆ ಹುಡುಗರು ಬಿಡಲ್ಲ. ಮಾಲ್ ಒಳಗಿನ ಪಿವಿಆರ್ ಚಿತ್ರಮಂದಿರದಲ್ಲಿ ಹನ್ನೊಂದು ಪರದೆ. ನಾನು ಬಾಲ್ಕನಿ ಎಲ್ಲಿ ಅಂತ ಕೇಳಿ ಮಗಳ ಮಾನ ಕಳೆದಿದ್ದೇನೆ. ಇಂಥ ಕಡೆ ಕನ್ನಡ ಸಿನಿಮಾ ಯಾರು ನೋಡ್ತಾರೆ ಅನ್ನುವ ಮಾತು ಆಗ ಜೋರಾಗಿತ್ತು. 2006ರ ಡಿಸೆಂಬರ್ ಕೊನೆಯಲ್ಲಿ 'ಮುಂಗಾರು ಮಳೆ' ಬಂತು. ಪಿವಿಆರ್‌ನಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿತು. ನಮ್ಮ ಮನೆಯವರು ಮೂರು ಸಲ ನೋಡಿದರು. ನಾನು ಒಂದೇ ಸಲ. ಆ ಎಸಿಯಲ್ಲಿ ಅಷ್ಟು ಮಳೆ ನೋಡಿದರೆ ನೆಗಡಿ ಆಗುತ್ತೆ.

ಆರಂಭದ ದಿನಗಳು ಮುಗಿದದ್ದು ಯಾವಾಗ ಅಂತ ಕೇಳಿದರೆ ನಾನು ತಾರೀಖು ಹೇಳಬಲ್ಲೆ. 2008ರ ಜುಲೈ 25, ಶುಕ್ರವಾರ. ಊರಿನಲ್ಲಿ ಸಾಲಾಗಿ ಬಾಂಬ್ ಸಿಡಿದವು. ಮಡಿವಾಳದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ತೀರಿಕೊಂಡರು. ಮಾರನೇ ದಿನ ಫೋರಂ ಹತ್ತಿರವೇ ಇನ್ನೊಂದು ಬಾಂಬ್ ಸಿಕ್ಕಿತು. ಸಿಡಿಯುವ ಮೊದಲೇ ಪೊಲೀಸರು ತೆಗೆದರು. ಆ ದಿನ ತಾವರೆಕೆರೆಯಲ್ಲಿ ಅರ್ಧಕ್ಕರ್ಧ ಅಂಗಡಿ ಬಾಗಿಲು ಹಾಕಿದವು. ಆಮೇಲೆ ಜಾತ್ರೆಯ ಹಾಗೆ ಒಳಗೆ ನುಗ್ಗುವುದು ನಿಂತಿತು. ಬ್ಯಾಗು ತೆರೆಯಬೇಕು, ಕೈ ಎತ್ತಬೇಕು.

ಈಗ ಅದಕ್ಕೆ ನೆಕ್ಸಸ್ ಅಂತ ಹೆಸರು. ಆಟೋದವರಿಗೆ ಹಾಗಂದರೆ ಒಂದು ಕ್ಷಣ ಯೋಚನೆ ಮಾಡಿ "ಓ, ಫೋರಮ್ಮಾ" ಅಂತಾರೆ.

ಒಂದು ವಿಷಯ ಹೇಳಿ ಕೂರುತ್ತೇನೆ. ಬಾಂಬ್ ಗಲಾಟೆಯಾಗಿ ಎರಡು ಮೂರು ವಾರ ಆಗಿತ್ತು. ಗಿರಾಕಿಯೊಬ್ಬರು ಅಲ್ಲಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಬಟ್ಟೆ ಕೊಡೋಕೆ ಹೋಗಿದ್ದೆ. ಬಾಗಿಲಲ್ಲಿ ನನ್ನ ಚೀಲ ಕೂಗಿಕೊಂಡಿತು. ಒಳಗೆ ನನ್ನ ಕತ್ತರಿ. ಹತ್ತು ಇಂಚಿನದು, ನಮ್ಮಪ್ಪನ ಕಾಲದ್ದು. ಕಾವಲಿನ ಹುಡುಗ ರಾಯಚೂರಿನ ಕಡೆಯವನು. ಗಾಬರಿಯಾಗಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ. ಟೈಲರ್ ಕಣಪ್ಪ ಅಂದೆ, ಟೇಪು ತೋರಿಸಿದೆ, ಸೀಮೆಸುಣ್ಣ ತೋರಿಸಿದೆ. ಕತ್ತರಿ ಅವನ ಹತ್ತಿರವೇ ಇಟ್ಟು ಒಳಗೆ ಹೋಗಿ ಬಂದೆ. ವಾಪಸ್ ಕೊಡುವಾಗ ಅವನು ತನ್ನ ಕಾಲು ನೋಡಿಕೊಂಡ. ಯೂನಿಫಾರಂ ಪ್ಯಾಂಟು ಬೂಟಿನ ಮೇಲೆ ಎರಡು ಸುತ್ತು ಬಿದ್ದಿತ್ತು.

"ಅಣ್ಣಾರ, ಇದನ್ನ ಗಿಡ್ಡ ಮಾಡಾಕ ಎಷ್ಟ್ ತಗೋತೀರಿ?" ಅಂದ.

ಅಲ್ಲೇ ಬಾಗಿಲ ಬದಿಗೆ ಕೂತು ಟೇಪು ಹಿಡಿದೆ. ಉದ್ದ 38. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.