ರಕ್ತ ಯಾಕೆ ಹೋಯ್ತು ಅಂತ ಬರೆಸಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಆಶಾ ಅಕ್ಕಂದಿರು, ನರ್ಸಮ್ಮಂದಿರೇ ಜಾಸ್ತಿ ಇದ್ದೀರಿ. ಹಾಗಾಗಿ ಸಿಸೇರಿಯನ್ ಅಂದರೇನು ಅಂತ ಶುರು ಮಾಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ ನೂರು ಹೆರಿಗೆಗೆ ಸುಮಾರು 31 ಸಿಸೇರಿಯನ್. "ಅಕ್ಕಾ, ಈ ಸಲ ನಾರ್ಮಲ್ ಆಗುತ್ತಾ?" ಅಂತ ಒಮ್ಮೆ ಸಿಸೇರಿಯನ್ ಆದವರು ಮೊದಲು ಕೇಳುವುದು ನಿಮ್ಮನ್ನೇ ಅಲ್ವಾ?

ನನ್ನನ್ನು ಕೇಳಿದರೆ ನಾನು ಕೇಳುವುದು ಒಂದೇ. ಹಿಂದಿನ ಆಪರೇಷನ್ ಯಾಕೆ, ಹೇಗೆ ಆಯ್ತು ಅಂತ ಬರೆದ ಚೀಟಿ ಎಲ್ಲಿ?

ಎರಡನೇ ಬಸಿರಿಗೆ ಒಬ್ಬಳು ಬಂದಿದ್ದಳು. ಗಂಡ ದೊಡ್ಡ ಪ್ಲಾಸ್ಟಿಕ್ ಕವರ್ ತಂದಿದ್ದ. ಸ್ಕ್ಯಾನಿಂಗ್ ಫೋಟೋ, ಮೆಡಿಕಲ್ ಶಾಪಿನ ಬಿಲ್ಲು, ಆಟೋದವನ ನಂಬರ್ ಬರೆದ ತುಂಡು, ಎಲ್ಲ ಇತ್ತು. ಆಪರೇಷನ್ ಚೀಟಿ ಮಾತ್ರ ಇಲ್ಲ. ಮೊದಲನೆಯದು ಯಾಕೆ ಆಪರೇಷನ್ ಆಯ್ತಮ್ಮ ಅಂದೆ. "ನೋವು ಬಂದಾಗ ಬ್ಲೀಡಿಂಗ್ ಆಯ್ತು ಮೇಡಂ" ಅಂದ ಗಂಡ. "ಮಾಸು ಬಿಟ್ಟುಕೊಂಡಿತ್ತಂತೆ" ಅಂದರು ಅತ್ತೆ. "ಇಲ್ಲ ಬೀಗರೇ, ಮಗು ಸುಸ್ತಾಗಿತ್ತು ಅಂದ್ರು" ಅಂತ ಅವಳ ತಾಯಿ. ಬೀಗರಿಬ್ಬರದೂ ಅಲ್ಲೇ ಶುರುವಾಯ್ತು, ಬಿಡಿಸುವುದೇ ನನಗೆ ಕೆಲಸವಾಯ್ತು. ಅವಳು ಮೆತ್ತಗೆ ಹೇಳಿದಳು, "ನನಗೆ ಯಾರೂ ಏನೂ ಹೇಳಲೇ ಇಲ್ಲ ಮೇಡಂ."

ಇದರಲ್ಲಿ ಯಾವುದು ನಿಜ ಅನ್ನುವುದು ಸುಮ್ನೆ ಕುತೂಹಲದ ಮಾತಲ್ಲ. ಮಾಸು, ಅಂದರೆ ಪ್ಲಾಸೆಂಟಾ, ಹೆರಿಗೆಗೆ ಮೊದಲೇ ಗರ್ಭಕೋಶದಿಂದ ಬಿಟ್ಟುಕೊಂಡಿದ್ದರೆ ಮುಂದಿನ ಬಸಿರಲ್ಲೂ ಹಾಗಾಗುವ ಸಂಭವ ನೂರಕ್ಕೆ ನಾಲ್ಕೈದು. ಗರ್ಭಕೋಶವೇ ಹರಿದಿದ್ದರೆ ಮತ್ತೆ ನೋವು ಬರುವವರೆಗೂ ಕಾಯುವ ಹಾಗಿಲ್ಲ. ಇನ್ನು, ಹೊಟ್ಟೆ ತೆರೆದು ನೋಡಿದರೂ ಎಷ್ಟೋ ಸಲ ಕಾರಣ ಸಿಗುವುದಿಲ್ಲ. ಸಿಗದಿದ್ದರೆ "ಮಾಸು ಗರ್ಭಕೋಶದ ಮೇಲ್ಭಾಗದಲ್ಲಿ ಇತ್ತು, ಅದರ ಹಿಂಬದಿಗೆ ಹೆಪ್ಪುಗಟ್ಟಿದ ರಕ್ತ ಇರಲಿಲ್ಲ, ಕಾರಣ ಕಾಣಲಿಲ್ಲ" ಅಂತಲೇ ಬರೆಯಬೇಕು. ಬರೀ "ಬ್ಲೀಡಿಂಗ್" ಅಂತ ಬರೆದು ಕಳಿಸಿದರೆ ಮುಂದಿನ ಡಾಕ್ಟರು ಏನು ಮಾಡಬೇಕು?

ಆ ಹುಡುಗಿಯ ಊರಿನ ಆಶಾ ಹಳೇ ಆಸ್ಪತ್ರೆಗೆ ಹೋಗಿ, ರೆಕಾರ್ಡ್ ರೂಮಿನವರ ಹತ್ತಿರ ಜಗಳವಾಡಿ, ಹಾಳೆಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರು. ಅದರಲ್ಲಿ ಇಷ್ಟಿತ್ತು: ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ತ, ಮಾಸು ಸರಿ, ಗರ್ಭಕೋಶ ಹರಿದಿಲ್ಲ, ರಕ್ತಕ್ಕೆ ಕಾರಣ ತಿಳಿಯಲಿಲ್ಲ. ಇಷ್ಟು ಸಾಕಾಯ್ತು. ನಾರ್ಮಲ್‌ಗೆ ಪ್ರಯತ್ನಿಸಿದೆವು, ಆಯ್ತು. ಅತ್ತೆ ಮಾತ್ರ ಈಗಲೂ "ಮಾಸೇ ಬಿಟ್ಟುಕೊಂಡಿದ್ದು" ಅನ್ನುತ್ತಾರೆ, ಬಿಡಿ.

ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್ ಅಂತ 1916ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಕ್ರೇಗಿನ್ ಹೇಳಿದ್ದು. ಆಗ ಗರ್ಭಕೋಶವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು, ಆ ಹೊಲಿಗೆ ಬಿಡುವ ಭಯ ಜಾಸ್ತಿ. ಈಗ ಹೆಚ್ಚಾಗಿ ಕೆಳಗೆ ಅಡ್ಡಕ್ಕೆ. ಅಂಥವರು ಪ್ರಯತ್ನಿಸಿದರೆ ನಾಲ್ವರಲ್ಲಿ ಸುಮಾರು ಮೂವರಿಗೆ ನಾರ್ಮಲ್ ಆಗುತ್ತದೆ. ಹಳೇ ಹೊಲಿಗೆ ಬಿಡುವುದು ಸುಮಾರು 200ರಲ್ಲಿ ಒಬ್ಬರಿಗೆ. ಆ ಒಬ್ಬರಿಗೆ ನಿಮಿಷಗಳಲ್ಲಿ ಆಪರೇಷನ್ ಬೇಕು, ರಕ್ತ ಬೇಕು, ಅರಿವಳಿಕೆ ಡಾಕ್ಟರು ಅಲ್ಲೇ ಇರಬೇಕು. ಇವು ಮೂರೂ ಇಲ್ಲದ ಕಡೆ ಧೈರ್ಯ ತೋರಿಸಬೇಡಿ. ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗಿನ ಕೊಯ್ತ ಹೇಳಲಿಕ್ಕೂ ಬರುವುದಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಚೀಟಿ.

ಅಧ್ಯಕ್ಷರು ಆಗಲೇ ಗಡಿಯಾರ ತೋರಿಸಿದರು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಲೋಳೆಯ ಜೊತೆ ಸ್ವಲ್ಪ ರಕ್ತ ಸಹಜ. ಬಟ್ಟೆ ನೆನೆದರೆ, ಅಥವಾ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ಸಡಿಲವಾಗದಿದ್ದರೆ ತಕ್ಷಣ 108. ಮಾಸು ಎಲ್ಲಿದೆ ಅಂತ ಗೊತ್ತಾಗುವವರೆಗೆ ಒಳಗೆ ಕೈ ಹಾಕಿ ನೋಡಬೇಡಿ. ಎರಡು ಹೆರಿಗೆಯ ನಡುವೆ ಒಂದೂವರೆ, ಎರಡು ವರ್ಷವಾದರೂ ಇರಲಿ. ಮಾಸು ಹಳೇ ಹೊಲಿಗೆಯ ಮೇಲೆ ಕೂತಿದೆಯಾ ಅಂತ ಸ್ಕ್ಯಾನಿಂಗಿನಲ್ಲಿ ಕೇಳಿಸಿ. ಅಲ್ಲಿ ಕೂತರೆ ಹೆರಿಗೆಯಾದರೂ ಬಿಡದ ಹಾಗೆ ಅಂಟಿಕೊಳ್ಳಬಹುದು. ಅದು ದೊಡ್ಡ ಆಸ್ಪತ್ರೆಯ ಕೇಸು.

ಹಿಂದಿನ ಸಾಲಿನ ಅಕ್ಕ ಕೈ ಎತ್ತಿದ್ದಾರೆ. ಹಳೇ ಚೀಟಿ ಸಿಗದೇ ಹೋದರೆ? ಸಿಗಲಿಲ್ಲ ಅಂತ ತಾಯಿ ಕಾರ್ಡಿನ ಮೇಲೆ ಬರೆದು, ಎಂಟನೇ ತಿಂಗಳಿಗೆ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸಿಬಿಡಿ. ನೋವು ಬಂದ ಮೇಲೆ ಹುಡುಕಿಸಬೇಡಿ.